ವಿದೇಶದ ಕೋಡಿಂಗ್ ಬೂಟ್‌ಕ್ಯಾಂಪ್: ಕಲಿಕೆ ಬೇರೆ, ಕೆಲಸದ ಪರವಾನಗಿ ಬೇರೆ

"ಬಿಕಾಂ ಮುಗಿಸಿ ನಾಲ್ಕು ವರ್ಷದಿಂದ ಬ್ಯಾಂಕ್ ಕೆಲಸದಲ್ಲಿದ್ದೇನೆ. ಬರ್ಲಿನ್‌ನಲ್ಲಿ ಒಂಬತ್ತು ವಾರದ ಕೋಡಿಂಗ್ ಬೂಟ್‌ಕ್ಯಾಂಪ್ ಇದೆಯಂತೆ. ಸೇರಿದರೆ ಅಲ್ಲೇ ಕೆಲಸ ಸಿಗುತ್ತಾ?" ಈ ಥರದ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಊರಿನ ಹೆಸರು ಮಾತ್ರ ಬದಲಾಗುತ್ತದೆ: ಬರ್ಲಿನ್, ಲಿಸ್ಬನ್, ಟೋಕಿಯೊ, ಆಸ್ಟಿನ್.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೂಟ್‌ಕ್ಯಾಂಪ್, ಅಂದರೆ ಕೆಲವೇ ವಾರಗಳ ಬಿಗಿಯಾದ ಕೋರ್ಸ್, ಕೋಡಿಂಗ್ ಕಲಿಸುತ್ತದೆ. ಆ ದೇಶದಲ್ಲಿ ಕೆಲಸ ಮಾಡುವ ಹಕ್ಕನ್ನು ಕೊಡುವುದಿಲ್ಲ. ಡ್ರೈವಿಂಗ್ ಸ್ಕೂಲ್‌ನವರು ಕ್ಲಚ್, ಗೇರು, ರಿವರ್ಸ್ ಎಲ್ಲ ಕಲಿಸುತ್ತಾರೆ, ಆದರೆ ಲೈಸೆನ್ಸ್ ಕೊಡುವುದು ಆರ್‌ಟಿಒ ಅಲ್ವಾ? ಇಲ್ಲೂ ಹಾಗೇ. ಜಾಹೀರಾತಿನಲ್ಲಿ ಮಾತ್ರ ಎರಡೂ ಒಂದೇ ಪ್ಯಾಕೇಜಿನ ಹಾಗೆ ಕಾಣುತ್ತವೆ. ಒಳ್ಳೆಯ ಬೂಟ್‌ಕ್ಯಾಂಪ್ ಒಬ್ಬರಿಗೆ ಬದುಕು ಬದಲಿಸುತ್ತದೆ, ಅದೇ ಕ್ಲಾಸಿನಲ್ಲಿ ಪಕ್ಕ ಕೂತ ಇನ್ನೊಬ್ಬರಿಗೆ ಹತ್ತು ಲಕ್ಷ ಕಳೆದುಹೋಗುತ್ತದೆ. ಬಹಳ ಸಲ ಇಬ್ಬರ ಬುದ್ಧಿಯಲ್ಲಿ ವ್ಯತ್ಯಾಸ ಇರುವುದಿಲ್ಲ, ಕೈಯಲ್ಲಿರುವ ವೀಸಾದಲ್ಲಿ ಇರುತ್ತದೆ. ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಕ್ಲಾಸಿನೊಳಗೆ ಏನು ನಡೆಯುತ್ತದೆ

ಈ ಮಾದರಿ ಶುರುವಾಗಿದ್ದು 2012ರ ಸುಮಾರಿಗೆ, ಅಮೆರಿಕದಲ್ಲಿ. ಸ್ಟಾರ್ಟಪ್‌ಗಳಿಗೆ ವೆಬ್ ಡೆವಲಪರ್‌ಗಳು ಸಾಲುತ್ತಿರಲಿಲ್ಲ. ಕಾಲೇಜುಗಳು ನಾಲ್ಕು ವರ್ಷ ತೆಗೆದುಕೊಳ್ಳುತ್ತಿದ್ದವು. ಹಾಗಾದರೆ ಬರೀ ಕೆಲಸಕ್ಕೆ ಬೇಕಾದಷ್ಟನ್ನು ಕೆಲವು ತಿಂಗಳಲ್ಲಿ ಕಲಿಸಿದರೆ ಹೇಗೆ ಅಂತ ಕೆಲವರು ಯೋಚಿಸಿದರು. ಸ್ಯಾನ್ ಫ್ರಾನ್ಸಿಸ್ಕೊದ ಡೆವ್ ಬೂಟ್‌ಕ್ಯಾಂಪ್ ಮೊದಲ ಸಾಲಿನದು. ಮರುವರ್ಷ, 2013ರಲ್ಲಿ, ಪ್ಯಾರಿಸ್‌ನಲ್ಲಿ ಲೆ ವ್ಯಾಗನ್, ಮ್ಯಾಡ್ರಿಡ್‌ನಲ್ಲಿ ಐರನ್‌ಹ್ಯಾಕ್ ಶುರುವಾದವು. ಎರಡೂ ಆಮೇಲೆ ಬರ್ಲಿನ್‌ಗೆ ಬಂದವು. ಯುರೋಪಿನಲ್ಲಿ ಬೂಟ್‌ಕ್ಯಾಂಪ್ ಹುಡುಕುವವರಿಗೆ ಮೊದಲು ಕಣ್ಣಿಗೆ ಬೀಳುವ ಹೆಸರುಗಳು ಇವೇ.

ಪೂರ್ಣಾವಧಿಯ ವೆಬ್ ಡೆವಲಪ್‌ಮೆಂಟ್ ಕೋರ್ಸ್ ಅಂದರೆ ಸಾಮಾನ್ಯವಾಗಿ ಒಂಬತ್ತರಿಂದ ಹದಿನಾರು ವಾರ. ಸೇರುವ ಮೊದಲೇ ಮನೆಯಲ್ಲಿ ಮಾಡಿಕೊಂಡು ಬರಬೇಕಾದ ಪಾಠ ಇರುತ್ತದೆ. ಅದನ್ನು ಮಾಡದೆ ಹೋದವರು ಮೊದಲ ವಾರದಲ್ಲೇ ಹಿಂದೆ ಬೀಳುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಒಂದೂವರೆ ಗಂಟೆ ಪಾಠ. ಆಮೇಲೆ ಸಂಜೆವರೆಗೆ ಪಕ್ಕದವರ ಜೊತೆ ಜೋಡಿಯಾಗಿ ಕೂತು ಲೆಕ್ಕ ಬಿಡಿಸುವ ಹಾಗೆ ಒಂದೊಂದೇ ಕೋಡಿಂಗ್ ಸಮಸ್ಯೆ ಬಿಡಿಸಬೇಕು. ಸಿಕ್ಕಿಹಾಕಿಕೊಂಡರೆ ಕೈ ಎತ್ತಿದರೆ ಟೀಚರ್ ಬರುತ್ತಾರೆ. ಸಂಜೆ ಎಲ್ಲರೂ ಸೇರಿ ಒಂದು ಸಮಸ್ಯೆಯನ್ನು ದೊಡ್ಡ ಪರದೆಯ ಮೇಲೆ ಬಿಡಿಸುತ್ತಾರೆ. ಮೊದಲ ವಾರಗಳಲ್ಲಿ ಒಂದು ಭಾಷೆ, ರೂಬಿ ಅಥವಾ ಜಾವಾಸ್ಕ್ರಿಪ್ಟ್. ಆಮೇಲೆ ಡೇಟಾಬೇಸ್, ಪೇಜ್ ಕಟ್ಟುವುದು, ಎಲ್ಲವನ್ನೂ ಜೋಡಿಸುವ ಫ್ರೇಮ್‌ವರ್ಕ್. ಕೊನೆಯ ವಾರಗಳಲ್ಲಿ ನಾಲ್ಕೈದು ಜನರ ತಂಡ ಮಾಡಿ ಒಂದು ನಿಜವಾದ ಆಪ್ ಕಟ್ಟಬೇಕು. ಕೊನೆಯ ದಿನ ಅದನ್ನು ಎಲ್ಲರ ಮುಂದೆ ತೋರಿಸುತ್ತಾರೆ.

ಕೇಳಲು ಸರಳ. ಆದರೆ ಅಲ್ಲಿ ನಿಜವಾಗಿ ಕಲಿಯುವುದು ಏನು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಒಬ್ಬ ವಿದ್ಯಾರ್ಥಿನಿ ಬಾಡಿಗೆ ಮನೆ ಬುಕ್ ಮಾಡುವ ಸೈಟ್ ಕಟ್ಟುತ್ತಿದ್ದಾಳೆ ಅಂದುಕೊಳ್ಳಿ. ಬುಕಿಂಗ್ ಪೇಜ್ ತೆರೆದರೆ ಪರದೆ ಕೆಂಪಾಗುತ್ತದೆ. "ಅನ್‌ಡಿಫೈನ್ಡ್ ಮೆಥಡ್ ನೇಮ್ ಫಾರ್ ನಿಲ್" ಅನ್ನುತ್ತದೆ. ಅಂದರೆ ಏನೂ ಇಲ್ಲದ ಕಡೆ ಹೋಗಿ ಹೆಸರು ಕೇಳುತ್ತಿದ್ದೀಯ ಅಂತ. ಹೊಸಬರು ಏನು ಮಾಡುತ್ತಾರೆ? ಹೆಸರು ಬರೆದ ಸಾಲನ್ನೇ ಅರ್ಧ ಗಂಟೆ ದಿಟ್ಟಿಸುತ್ತಾರೆ. ಅಕ್ಷರ ತಪ್ಪಿದೆಯಾ ನೋಡುತ್ತಾರೆ, ಅಳಿಸಿ ಮತ್ತೆ ಟೈಪ್ ಮಾಡುತ್ತಾರೆ. ಆ ಸಾಲಿನಲ್ಲಿ ತಪ್ಪೇ ಇರುವುದಿಲ್ಲ. ತಪ್ಪು ಇರುವುದು ಬುಕಿಂಗ್ ಉಳಿಸುವ ಇನ್ನೊಂದು ಫೈಲ್‌ನಲ್ಲಿ. ಅಲ್ಲಿ ಲಾಗಿನ್ ಆದವರು ಯಾರು ಅನ್ನುವುದನ್ನು ಬುಕಿಂಗ್ ಜೊತೆ ಸೇರಿಸಲು ಮರೆತಿರುತ್ತಾರೆ. ಪೇಜ್‌ನಿಂದ ಹಿಂದಕ್ಕೆ ನಡೆದು ಡೇಟಾಬೇಸ್‌ವರೆಗೆ ಹೋಗಿ, ಖಾಲಿ ಎಲ್ಲಿಂದ ಶುರುವಾಯಿತು ಅಂತ ಹುಡುಕುವ ಅಭ್ಯಾಸ ಪುಸ್ತಕ ಓದಿದರೆ ಬರುವುದಿಲ್ಲ. ಪಕ್ಕದಲ್ಲಿ ಯಾರಾದರೂ ಕೂತು "ಈ ಹೆಜ್ಜೆಯಲ್ಲಿ ಏನಿದೆ ಪ್ರಿಂಟ್ ಮಾಡಿ ನೋಡು" ಅಂದರೆ ಹತ್ತು ದಿನದಲ್ಲಿ ಬರುತ್ತದೆ. ಬೂಟ್‌ಕ್ಯಾಂಪ್‌ನ ಬೆಲೆ ಇರುವುದೇ ಇಲ್ಲಿ. ಪಾಠದ ವಿಡಿಯೊಗಳಲ್ಲಿ ಅಲ್ಲ, ಅವು ಎಲ್ಲ ಕಡೆ ಪುಕ್ಕಟೆ ಸಿಗುತ್ತವೆ.

ಕಲಿಸದೆ ಉಳಿಯುವುದೂ ಬಹಳ ಇದೆ. ಅದೇ ಸೈಟ್‌ನಲ್ಲಿ ಐವತ್ತು ಮನೆಗಳ ಪಟ್ಟಿ ಇದೆ, ಪ್ರತಿ ಮನೆಯ ಜೊತೆ ಮಾಲೀಕರ ಹೆಸರು. ಸುಮ್ನೆ ಬರೆದ ಕೋಡ್, ಪಟ್ಟಿಗೆ ಒಂದು ಸಲ, ಆಮೇಲೆ ಪ್ರತಿ ಮಾಲೀಕರಿಗೆ ಒಂದೊಂದು ಸಲ, ಒಟ್ಟು 51 ಸಲ ಡೇಟಾಬೇಸನ್ನು ಕೇಳುತ್ತದೆ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಗೊತ್ತೇ ಆಗುವುದಿಲ್ಲ. ಸಾವಿರ ಜನ ಒಟ್ಟಿಗೆ ಬಂದರೆ ಸೈಟ್ ಕೂತುಬಿಡುತ್ತದೆ. ಎರಡೇ ಸಲ ಕೇಳಿ ಮುಗಿಸಬಹುದು ಅಂತ ಪಾಠದಲ್ಲಿ ಒಂದು ಸಾಲು ಬರಬಹುದು, ಯಾಕೆ ಅನ್ನುವುದು ತಲೆಗೆ ಇಳಿಯಲು ಸಮಯ ಬೇಕು. ಡೇಟಾ ಸ್ಟ್ರಕ್ಚರ್, ಆಲ್ಗಾರಿದಮ್, ನೆಟ್‌ವರ್ಕ್, ಬೇರೆಯವರು ಐದು ವರ್ಷದ ಹಿಂದೆ ಬರೆದ ಲಕ್ಷ ಸಾಲಿನ ಕೋಡ್ ಓದುವುದು, ಇವಕ್ಕೆ ಒಂಬತ್ತು ವಾರದಲ್ಲಿ ಜಾಗ ಇಲ್ಲ. ಶಾಲೆ ಚೆನ್ನಾಗಿದ್ದರೂ ಇಲ್ಲ.

ಯಾವ ವೀಸಾದ ಮೇಲೆ ಹೋಗುತ್ತೀರಿ

ಈಗ ಮುಖ್ಯ ವಿಷಯಕ್ಕೆ ಬರೋಣ.

ಒಂಬತ್ತು ವಾರ ಅಂದರೆ 63 ದಿನ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು. ಹಾಗಾಗಿ "ಟೂರಿಸ್ಟ್ ವೀಸಾದಲ್ಲಿ ಹೋಗಿ ಕೋರ್ಸ್ ಮುಗಿಸಿ, ಅಲ್ಲೇ ಕೆಲಸ ಹುಡುಕಿಕೊಳ್ಳೋಣ" ಅನ್ನುವ ಆಸೆ ಹುಟ್ಟುತ್ತದೆ. ದಯವಿಟ್ಟು ಈ ದಾರಿ ಹಿಡಿಯಬೇಡಿ. ಅಲ್ಪಾವಧಿ ವೀಸಾದ ಮೇಲೆ ಕೆಲಸ ಮಾಡುವ ಹಾಗಿಲ್ಲ. ಅಲ್ಲೇ ಕೂತು ಅದನ್ನು ಕೆಲಸದ ಪರವಾನಗಿಗೆ ಬದಲಿಸಿಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ, ವಾಪಸ್ ಬರಲೇಬೇಕು. ಹೋಗುವ ಉದ್ದೇಶವನ್ನು ಅರ್ಜಿಯಲ್ಲಿ ತಪ್ಪಾಗಿ ಬರೆದರೆ ಮುಂದಿನ ವೀಸಾಗೂ ಕಲ್ಲು ಬೀಳುತ್ತದೆ. ಜರ್ಮನಿಯ ವಿದ್ಯಾರ್ಥಿ ವೀಸಾ ವಿಶ್ವವಿದ್ಯಾಲಯದ ಡಿಗ್ರಿಗೆ. ಬೂಟ್‌ಕ್ಯಾಂಪ್ ಸರ್ಟಿಫಿಕೇಟ್ ಡಿಗ್ರಿ ಅಲ್ಲ.

ಅಮೆರಿಕದಲ್ಲಿ ಇನ್ನೂ ಬಿಗಿ. ವ್ಯವಹಾರ, ಪ್ರವಾಸಕ್ಕೆ ಕೊಡುವ ಬಿ-1, ಬಿ-2 ವೀಸಾದಲ್ಲಿ ಹೋಗಿ ಇಂಥ ಕೋರ್ಸ್‌ಗೆ ಸೇರುವ ಹಾಗಿಲ್ಲ. ವೃತ್ತಿ ತರಬೇತಿಗೆ ಎಂ-1 ಅನ್ನುವ ವೀಸಾ ಇದೆ. ಆದರೆ ಶಾಲೆಗೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಸರ್ಕಾರಿ ಅನುಮತಿ ಇರಬೇಕು. ಎಂ-1 ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಕೋರ್ಸ್ ಮುಗಿದ ಮೇಲೆ ಕೆಲಸದ ಅನುಭವಕ್ಕೆ ಕೊಡುವ ಸಮಯ, ಓದಿದ ಪ್ರತಿ ನಾಲ್ಕು ತಿಂಗಳಿಗೆ ಒಂದು ತಿಂಗಳು, ಗರಿಷ್ಠ ಆರು ತಿಂಗಳು. ನಾಲ್ಕು ತಿಂಗಳ ಬೂಟ್‌ಕ್ಯಾಂಪ್ ಮಾಡಿದರೆ ಸಿಗುವುದು ಒಂದೇ ತಿಂಗಳು. ಎಂಎಸ್ ಮಾಡಿದವರಿಗೆ ಸಿಗುವ ಒಂದು ವರ್ಷದ ಒಪಿಟಿ (ಓದಿನ ನಂತರ ಕೆಲಸ ಮಾಡುವ ಅನುಮತಿ), ಅದರ ಮೇಲೆ ಎರಡು ವರ್ಷದ ವಿಸ್ತರಣೆ, ಇವು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಡಿಗ್ರಿ ಓದಿದವರಿಗೆ. ಕಂಪನಿಯ ಮೂಲಕ ಸಿಗುವ ಎಚ್-1ಬಿ ಕೆಲಸದ ವೀಸಾಗೆ ಸಂಬಂಧಪಟ್ಟ ವಿಷಯದಲ್ಲಿ ಡಿಗ್ರಿ ಅಥವಾ ಅದಕ್ಕೆ ಸಮನಾದ ಅನುಭವ ಬೇಕು. ಅನುಭವವನ್ನು ಮೂರು ವರ್ಷಕ್ಕೆ ಕಾಲೇಜಿನ ಒಂದು ವರ್ಷ ಅಂತ ಲೆಕ್ಕ ಹಿಡಿಯುತ್ತಾರೆ. ಜೊತೆಗೆ ವರ್ಷಕ್ಕೆ 85,000ದ ಮಿತಿ, ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಕರೆತರುವ ಹೊಸಬರ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವನ್ನೂ ಘೋಷಿಸಿದರು. ಬೂಟ್‌ಕ್ಯಾಂಪ್ ಮುಗಿಸಿದ ಹೊಸಬರಿಗಾಗಿ ಯಾವ ಕಂಪನಿ ಇಷ್ಟೆಲ್ಲ ಮಾಡುತ್ತದೆ, ಯೋಚಿಸಿ.

ಕೆನಡಾದಲ್ಲಿ ಆರು ತಿಂಗಳೊಳಗಿನ ಕೋರ್ಸ್‌ಗೆ ಸ್ಟಡಿ ಪರ್ಮಿಟ್ ಬೇಕಿಲ್ಲ. ಅನುಕೂಲವೇ ಅನ್ನಿಸುತ್ತದೆ. ಆದರೆ ಓದಿದ ಮೇಲೆ ಕೊಡುವ ಕೆಲಸದ ಪರವಾನಗಿಗೆ ಕನಿಷ್ಠ ಎಂಟು ತಿಂಗಳ, ಮಾನ್ಯತೆ ಇರುವ ಕಾಲೇಜಿನ ಕೋರ್ಸ್ ಬೇಕು. ಬೂಟ್‌ಕ್ಯಾಂಪ್ ಅಲ್ಲೇ ಹೊರಗೆ ಬೀಳುತ್ತದೆ. ಜಪಾನ್‌ನಲ್ಲಿ ಎಂಜಿನಿಯರ್ ವೀಸಾಗೆ ಸಾಮಾನ್ಯವಾಗಿ ಡಿಗ್ರಿ ಅಥವಾ ಹತ್ತು ವರ್ಷದ ಅನುಭವ ಕೇಳುತ್ತಾರೆ.

ದುಡ್ಡಿನ ಲೆಕ್ಕವನ್ನೂ ಇಲ್ಲೇ ಹೇಳುತ್ತೇನೆ. ಯುರೋಪಿನಲ್ಲಿ ಫೀಸು ಏಳೆಂಟು ಸಾವಿರ ಯೂರೊ ಆಸುಪಾಸು, ಅಮೆರಿಕದಲ್ಲಿ ಹೆಸರುವಾಸಿ ಶಾಲೆಗಳದ್ದು 15ರಿಂದ 20 ಸಾವಿರ ಡಾಲರ್‌ವರೆಗೆ ಹೋಗಿದೆ. ಬರ್ಲಿನ್‌ನಲ್ಲಿ ಎರಡು ತಿಂಗಳ ರೂಮು, ಊಟ, ವಿಮೆ, ವಿಮಾನದ ಟಿಕೆಟ್ ಸೇರಿದರೆ ಹತ್ತು ಲಕ್ಷ ರೂಪಾಯಿ ಸಲೀಸಾಗಿ ದಾಟುತ್ತದೆ. ಬ್ಯಾಂಕುಗಳ ಶಿಕ್ಷಣ ಸಾಲ ಮುಖ್ಯವಾಗಿ ಡಿಗ್ರಿ, ಡಿಪ್ಲೊಮಾಗಳಿಗೆ. ಹಾಗಾಗಿ ಇಂಥ ಕೋರ್ಸ್‌ಗೆ ಜನ ಪರ್ಸನಲ್ ಲೋನ್ ತೆಗೆಯುತ್ತಾರೆ, ಇಲ್ಲವೇ ಅಪ್ಪ ಅಮ್ಮನ ಎಫ್‌ಡಿ ಮುರಿಸುತ್ತಾರೆ. ಕೆಲಸದ ಹಕ್ಕು ಇಲ್ಲದ ಕೋರ್ಸ್‌ಗೆ ಎಫ್‌ಡಿ ಮುರಿಸುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ.

ಹಾಗಾದರೆ ಯಾರಿಗೆ ಒಳ್ಳೆಯದು

ಮದುವೆಯಾಗಿ ಮ್ಯೂನಿಕ್‌ಗೋ ಫ್ರಾಂಕ್‌ಫರ್ಟ್‌ಗೋ ಹೋದ ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಹುಬ್ಬಳ್ಳಿಯಲ್ಲಿ ಲೆಕ್ಚರರ್ ಆಗಿದ್ದವರು, ಮಂಗಳೂರಿನಲ್ಲಿ ಬ್ಯಾಂಕ್‌ನಲ್ಲಿದ್ದವರು, ಬೆಂಗಳೂರಿನಲ್ಲಿ ಟೆಸ್ಟಿಂಗ್ ಮಾಡುತ್ತಿದ್ದವರು. ಗಂಡನ ಬ್ಲೂ ಕಾರ್ಡ್ (ನುರಿತ ವಿದೇಶಿಯರಿಗೆ ಯುರೋಪಿನಲ್ಲಿ ಕೊಡುವ ಕೆಲಸದ ಪರವಾನಗಿ) ಮೇಲೆ ಬಂದು, ಮಗುವಾಗಿ, ಮೂರ್ನಾಲ್ಕು ವರ್ಷ ಮನೆಯಲ್ಲಿ ಕೂತವರು. "ಗ್ಯಾಪ್ ಆಗಿಬಿಟ್ಟಿದೆ, ಇನ್ನೇನು ಕೆಲಸ ಸಿಗುತ್ತೆ" ಅಂತ ಕೈಚೆಲ್ಲಿರುತ್ತಾರೆ. ಬೂಟ್‌ಕ್ಯಾಂಪ್ ನಿಜಕ್ಕೂ ಯಾರಿಗಾಗಿ ಇದೆಯೋ, ಅವರು ಇವರೇ.

ಯಾಕೆ ಅಂದರೆ ಜರ್ಮನಿಯಲ್ಲಿ ಗಂಡ ಅಥವಾ ಹೆಂಡತಿಯ ಜೊತೆ ಕುಟುಂಬದ ಪರವಾನಗಿಯಲ್ಲಿ ಬಂದವರಿಗೆ ಕೆಲಸ ಮಾಡುವ ಹಕ್ಕು ಮೊದಲೇ ಇದೆ. ಕಂಪನಿ ಯಾವ ವೀಸಾ ತಲೆನೋವನ್ನೂ ಹೊರಬೇಕಿಲ್ಲ. ಹೊಸಬರನ್ನು ತೆಗೆದುಕೊಳ್ಳುವಾಗ ಇದು ಬಹಳ ದೊಡ್ಡ ಅನುಕೂಲ. ಅಮೆರಿಕದಲ್ಲಿ ಕಂಪನಿಯೇ ವರ್ಗ ಮಾಡಿ ಕಳಿಸಿದವರ ಸಂಗಾತಿಗಳಿಗೆ, ಅಂದರೆ ಎಲ್-2ನವರಿಗೆ, ಈ ಹಕ್ಕು ಇದೆ. ಎಚ್-4ನಲ್ಲಿ, ಅಂದರೆ ಎಚ್-1ಬಿಯವರ ಸಂಗಾತಿಯಾಗಿ, ಇರುವವರಲ್ಲಿ, ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ, 2015ರಿಂದ ಇಎಡಿ ಅನ್ನುವ ಕೆಲಸದ ಅನುಮತಿ ಕಾರ್ಡ್ ಸಿಗುತ್ತಿದೆ. ಇಎಡಿ ಇಲ್ಲದ ಎಚ್-4ನವರು ಓದಬಹುದು, ಸಂಬಳ ತೆಗೆದುಕೊಳ್ಳುವ ಹಾಗಿಲ್ಲ. ಫೀಸು ಕಟ್ಟುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ.

ಜರ್ಮನಿಯಲ್ಲಿ ಇನ್ನೊಂದು ಬಾಗಿಲು ಇದೆ, ನಮ್ಮವರಲ್ಲಿ ಅನೇಕರಿಗೆ ಗೊತ್ತೇ ಇರುವುದಿಲ್ಲ. ಅದರ ಹೆಸರು ಬಿಲ್ಡುಂಗ್ಸ್‌ಗುಟ್‌ಶೈನ್. ಸರ್ಕಾರ ಕೊಡುವ ತರಬೇತಿ ಕೂಪನ್. ಕೆಲಸ ಇಲ್ಲದವರು, ಕೆಲಸ ಹೋಗುವ ಅಂಚಿನಲ್ಲಿ ಇರುವವರು ಉದ್ಯೋಗ ಕಚೇರಿಯಲ್ಲಿ, ಅಂದರೆ ಆಗೆಂಟೂರ್ ಫ್ಯೂರ್ ಆರ್ಬೈಟ್‌ನಲ್ಲಿ, ಹೆಸರು ನೋಂದಾಯಿಸಿ ಇದನ್ನು ಕೇಳಬಹುದು. ಒಪ್ಪಿದರೆ ಪೂರ್ತಿ ಫೀಸನ್ನು ಕಚೇರಿಯೇ ಕೊಡುತ್ತದೆ. ಎಝೆಡ್‌ಎವಿ ಅನ್ನುವ ಮಾನ್ಯತೆ ಪಡೆದ ಸಂಸ್ಥೆ, ಮಾನ್ಯತೆ ಪಡೆದ ಕೋರ್ಸ್ ಆಗಿರಬೇಕು. ಹಲವು ಬೂಟ್‌ಕ್ಯಾಂಪ್‌ಗಳು ಈ ಮಾನ್ಯತೆ ಪಡೆದಿವೆ.

ಆದರೆ ಇದು ಕೇಳಿದವರಿಗೆಲ್ಲ ಕೊಡಲೇಬೇಕು ಅಂತ ಇರುವ ಸೌಲಭ್ಯ ಅಲ್ಲ. ಎದುರು ಕೂತ ಅಧಿಕಾರಿಗೆ ಮನವರಿಕೆ ಆಗಬೇಕು. "ನನಗೆ ಕೋಡಿಂಗ್ ಇಷ್ಟ" ಅಂದರೆ ಸಾಲುವುದಿಲ್ಲ. ಈಗಿರುವ ಓದು, ಅನುಭವದಿಂದ ಇಲ್ಲಿ ಯಾಕೆ ಕೆಲಸ ಸಿಗುತ್ತಿಲ್ಲ, ಈ ಕೋರ್ಸ್ ಮಾಡಿದರೆ ಯಾವ ಕೆಲಸಕ್ಕೆ ಅರ್ಜಿ ಹಾಕುತ್ತೀರಿ, ನಿಮ್ಮ ಊರಿನಲ್ಲಿ ಅಂಥ ಕೆಲಸದ ಜಾಹೀರಾತು ಎಷ್ಟಿವೆ, ಮಗುವಿಗೆ ಕಿಂಡರ್‌ಗಾರ್ಟನ್ ಜಾಗ ಸಿಕ್ಕಿದೆಯಾ, ಇವುಗಳಿಗೆ ಉತ್ತರ ಬೇಕು. ಹತ್ತು ಕೆಲಸದ ಜಾಹೀರಾತುಗಳನ್ನು ಪ್ರಿಂಟ್ ತೆಗೆದುಕೊಂಡು ಹೋಗಿ. ಈಗಾಗಲೇ ಹಾಕಿದ ಅರ್ಜಿಗಳು, ಬಂದ ನಿರಾಕರಣೆಗಳನ್ನೂ ಒಯ್ಯಿರಿ. ಜರ್ಮನ್ ಭಾಷೆ ಸ್ವಲ್ಪವಾದರೂ ಬಂದರೆ ಮಾತು ಸುಲಭ. ಮೊದಲು ಭಾಷೆ ಕಲಿತು ಬನ್ನಿ ಅಂತ ಕಳಿಸುವುದೂ ಉಂಟು. ಅದೇನೂ ಕೆಟ್ಟ ಸಲಹೆ ಅಲ್ಲ. ಬರ್ಲಿನ್‌ನ ಸ್ಟಾರ್ಟಪ್‌ಗಳಲ್ಲಿ ಇಂಗ್ಲಿಷ್ ನಡೆಯುತ್ತದೆ, ಸಣ್ಣ ಊರಿನ ಕಂಪನಿಗಳಲ್ಲಿ ಜರ್ಮನ್ ಇಲ್ಲದೆ ಕಷ್ಟ.

ಒಂದು ಮುಖ್ಯ ಮಾತು. ಕೋರ್ಸ್‌ಗೆ ದುಡ್ಡು ಕಟ್ಟಿ ಆಮೇಲೆ ಕೂಪನ್ ಕೇಳಿದರೆ ಆಗುವುದಿಲ್ಲ. ಮೊದಲು ಕಚೇರಿ, ಆಮೇಲೆ ಶಾಲೆ.

ಹಳೆಯ ಅನುಭವವನ್ನು ಬಿಸಾಡಬೇಡಿ ಅಂತಲೂ ಹೇಳಬೇಕು. ಬ್ಯಾಂಕ್‌ನಲ್ಲಿ ಇದ್ದವರು ಬರೀ "ಜೂನಿಯರ್ ಡೆವಲಪರ್" ಅಂತ ಅರ್ಜಿ ಹಾಕಿದರೆ ಇಪ್ಪತ್ತೆರಡರ ಹುಡುಗರ ಜೊತೆ ಸ್ಪರ್ಧೆ. ಪೇಮೆಂಟ್, ಸಾಲ, ಲೆಕ್ಕಪತ್ರ ಗೊತ್ತಿರುವ, ಕೋಡ್ ಕೂಡ ಓದಬಲ್ಲ ಮನುಷ್ಯ ಅಂತ ಹೋದರೆ ಹಣದ ವ್ಯವಹಾರದ ಸಾಫ್ಟ್‌ವೇರ್ ಮಾಡುವ ಫಿನ್‌ಟೆಕ್ ಕಂಪನಿಗಳು ಬೇರೆ ಕಣ್ಣಿನಿಂದ ನೋಡುತ್ತವೆ. ನರ್ಸ್ ಆಗಿದ್ದವರು ಆಸ್ಪತ್ರೆ ಸಾಫ್ಟ್‌ವೇರ್ ಮಾಡುವ ಕಂಪನಿಗೆ ಹೋಗಬಹುದು.

"90 ಪರ್ಸೆಂಟ್ ಪ್ಲೇಸ್‌ಮೆಂಟ್" ಅಂದರೆ ಏನು

ಈ ಸಂಖ್ಯೆಯನ್ನು ಓದುವುದು ಹೇಗೆ ಅಂತ ತಿಳಿಯದೆ ಯಾರೂ ಸಹಿ ಹಾಕಬಾರದು. ಒಂದು ಕಾಲ್ಪನಿಕ ಲೆಕ್ಕ ನೋಡಿ. ನೂರು ಜನ ಸೇರಿದರು. ಹದಿನೈದು ಜನ ನಡುವೆ ಬಿಟ್ಟರು, 85 ಜನ ಮುಗಿಸಿದರು. ಅವರಲ್ಲಿ 25 ಜನ ಶಾಲೆಯವರ ನಿಯಮದ ಪ್ರಕಾರ ವಾರಕ್ಕೆ ಇಷ್ಟು ಅರ್ಜಿ ಅಂತ ಹಾಕಲಿಲ್ಲ, ಅಥವಾ ಇಮೇಲ್‌ಗೆ ಉತ್ತರ ಕೊಡಲಿಲ್ಲ. ಅವರನ್ನು "ಕೆಲಸ ಹುಡುಕುತ್ತಿಲ್ಲ" ಅನ್ನುವ ಪಟ್ಟಿಗೆ ಹಾಕಿದರು. ಉಳಿದವರು 60. ಅವರಲ್ಲಿ 54 ಜನಕ್ಕೆ ಕೆಲಸ ಸಿಕ್ಕಿತು. 60ಕ್ಕೆ 54 ಅಂದರೆ 90 ಪರ್ಸೆಂಟ್! ಆದರೆ ದುಡ್ಡು ಕಟ್ಟಿದವರು ನೂರು ಜನ, ಕೆಲಸ ಸಿಕ್ಕಿದ್ದು 54 ಜನಕ್ಕೆ. ಆ 54ರಲ್ಲೂ ಅದೇ ಶಾಲೆಯಲ್ಲಿ ಮೂರು ತಿಂಗಳಿಗೆ ಅಸಿಸ್ಟೆಂಟ್ ಆದವರು, ಫ್ರೀಲಾನ್ಸ್ ಅಂತ ಬರೆಸಿಕೊಂಡವರು ಎಷ್ಟು? ಭಾಗಿಸುವ ಸಂಖ್ಯೆ ಯಾವುದು ಅಂತ ಕೇಳಿ. ಉತ್ತರ ಗೊಂದಲವಾಗಿದ್ದರೆ ಎದ್ದು ಬನ್ನಿ.

ಇದು ಸುಮ್ಮನೆ ಅನುಮಾನ ಅಲ್ಲ, ದಾಖಲೆಯಲ್ಲೇ ಇದೆ. ನ್ಯೂಯಾರ್ಕ್‌ನ ಫ್ಲಾಟೈರನ್ ಸ್ಕೂಲ್ 98.5 ಪರ್ಸೆಂಟ್ ಜನಕ್ಕೆ ಕೆಲಸ ಸಿಕ್ಕಿದೆ ಅಂತ ಪ್ರಚಾರ ಮಾಡಿತ್ತು. ಅದರಲ್ಲಿ ಅಪ್ರೆಂಟಿಸ್‌ಗಳು, ಗುತ್ತಿಗೆಯವರು, ಸ್ವಂತ ಕೆಲಸದವರೂ ಸೇರಿದ್ದನ್ನು ಸರಿಯಾಗಿ ಹೇಳಿರಲಿಲ್ಲ. ಲೈಸೆನ್ಸ್ ಇಲ್ಲದೆ ನಡೆಸಿದ್ದೂ ಸೇರಿ, 2017ರಲ್ಲಿ ಆ ರಾಜ್ಯದ ಅಟಾರ್ನಿ ಜನರಲ್ ಜೊತೆ 3,75,000 ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಲ್ಯಾಂಬ್ಡಾ ಸ್ಕೂಲ್ ಕಥೆ ಇನ್ನೂ ದೊಡ್ಡದು. 2017ರಲ್ಲಿ ಶುರುವಾದ ಇದು "ಈಗ ಫೀಸು ಬೇಡ, ಕೆಲಸ ಸಿಕ್ಕ ಮೇಲೆ ಕೊಡಿ" ಅಂತ ಹೇಳಿ ಹೆಸರು ಮಾಡಿತು. ಒಪ್ಪಂದ ಹೀಗಿತ್ತು: ವರ್ಷಕ್ಕೆ 50,000 ಡಾಲರ್ ಅಥವಾ ಜಾಸ್ತಿ ಸಂಬಳ ಬಂದರೆ, ಅದರ 17 ಪರ್ಸೆಂಟನ್ನು 24 ತಿಂಗಳು ಕೊಡಬೇಕು, ಗರಿಷ್ಠ 30,000 ಡಾಲರ್. ಲೆಕ್ಕ ಹಾಕಿ. 50,000 ಸಂಬಳಕ್ಕೆ ಎರಡು ವರ್ಷದಲ್ಲಿ 17,000. 80,000 ಸಂಬಳಕ್ಕೆ 27,200. ಪುಕ್ಕಟೆ ಅಂತೂ ಅಲ್ಲ, ಸಾಲವೇ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಇದೇ ಮಾತು ಹೇಳಿತು. ಆ ಹೊತ್ತಿಗೆ ಶಾಲೆಯ ಹೆಸರು ಬ್ಲೂಮ್‌ಟೆಕ್ ಅಂತ ಬದಲಾಗಿತ್ತು. 86 ಪರ್ಸೆಂಟ್‌ವರೆಗೂ ಕೆಲಸ ಸಿಗುತ್ತದೆ ಅಂತ ಪ್ರಚಾರ ಮಾಡಿದ್ದರೂ, ಒಳಗಿನ ಲೆಕ್ಕದಲ್ಲಿ ಅದು 50ರ ಹತ್ತಿರ ಇತ್ತು, ಕೆಲವೊಮ್ಮೆ 30ಕ್ಕೂ ಇಳಿದಿತ್ತು. ಗ್ರಾಹಕರಿಗೆ ಸಾಲ ಕೊಡುವ ವ್ಯವಹಾರದಿಂದ ಆ ಶಾಲೆಯನ್ನು ಶಾಶ್ವತವಾಗಿ ನಿಷೇಧಿಸಿದರು.

ದೊಡ್ಡ ವಿಶ್ವವಿದ್ಯಾಲಯದ ಹೆಸರು ಕಂಡರೂ ಕೇಳಬೇಕಾದ ಪ್ರಶ್ನೆ ಇದೆ: ಕಲಿಸುವವರು ಯಾರು? ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ಹೆಸರಿನ ಬೂಟ್‌ಕ್ಯಾಂಪ್‌ಗಳನ್ನು ನಡೆಸುತ್ತಿದ್ದದ್ದು ಟ್ರೈಲಜಿ ಅನ್ನುವ ಕಂಪನಿ. ಅದನ್ನು 2ಯು ಕಂಪನಿ 2019ರಲ್ಲಿ 75 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. 2024ರ ಡಿಸೆಂಬರ್‌ನಲ್ಲಿ ಬೂಟ್‌ಕ್ಯಾಂಪ್‌ಗಳನ್ನೇ ನಿಲ್ಲಿಸುವುದಾಗಿ ಹೇಳಿತು. ಮೊದಲು ಹೇಳಿದ ಡೆವ್ ಬೂಟ್‌ಕ್ಯಾಂಪ್ ಕೂಡ ಈಗ ಇಲ್ಲ. 2017ರಲ್ಲೇ ಬಾಗಿಲು ಹಾಕಿತು.

ಈಗಿನ ಮಾರುಕಟ್ಟೆ

2021ರಲ್ಲಿ ಬೂಟ್‌ಕ್ಯಾಂಪ್ ಮುಗಿಸಿದವರ ಕಥೆ ಕೇಳಿ ಇವತ್ತು ನಿರ್ಧಾರ ಮಾಡಬೇಡಿ. 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ತೆಗೆಯಿತು, 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ತೆಗೆಯುವುದಾಗಿ ಹೇಳಿತು. ಅನುಭವ ಇರುವವರೇ ಸಾಲಿನಲ್ಲಿ ನಿಂತರು. 2022ರ ನವೆಂಬರ್ ಕೊನೆಗೇ ಚಾಟ್‌ಜಿಪಿಟಿ ಬಂತು. ಬೂಟ್‌ಕ್ಯಾಂಪ್ ಕಲಿಸುವ ಕೆಲಸಗಳನ್ನು, ಒಂದು ಫಾರ್ಮ್, ಒಂದು ಪಟ್ಟಿ, ಒಂದು ಲಾಗಿನ್ ಪೇಜ್, ಎಐ ಸಾಧನಗಳು ಈಗ ನಿಮಿಷದಲ್ಲಿ ಬರೆದುಕೊಡುತ್ತವೆ. ಇದರಿಂದ ಕಲಿಕೆ ವ್ಯರ್ಥ ಅಂತ ಅಲ್ಲ. ಬರೆಯುವುದಕ್ಕಿಂತ ಓದುವುದು, ತಪ್ಪು ಹುಡುಕುವುದು ಮುಖ್ಯವಾಗಿದೆ. ಪ್ರಾಜೆಕ್ಟನ್ನು ಪೂರ್ತಿ ಎಐ ಕೈಯಲ್ಲಿ ಬರೆಸಿದವರು ಇಂಟರ್‌ವ್ಯೂನಲ್ಲಿ "ಈ ಪಟ್ಟಿ ಡೇಟಾಬೇಸನ್ನು ಎಷ್ಟು ಸಲ ಕೇಳುತ್ತದೆ" ಅಂದರೆ ಕಕ್ಕಾಬಿಕ್ಕಿ ಆಗುತ್ತಾರೆ. ಶಾಲೆಯವರು ಎಐ ಬಳಕೆಯನ್ನು ಹೇಗೆ ನಿಭಾಯಿಸುತ್ತಾರೆ ಅಂತಲೂ ಕೇಳಿ. ಮೊದಲ ವಾರಗಳಲ್ಲಿ ಅದನ್ನು ದೂರ ಇಡುವ ಶಾಲೆ ನನಗೆ ಇಷ್ಟ.

ಕರ್ನಾಟಕದಲ್ಲೇ ಇದ್ದರೆ

ನೀವು ಇನ್ನೂ ಇಲ್ಲೇ ಇದ್ದೀರಿ, ಹೊರಗೆ ಕೆಲಸದ ಹಕ್ಕು ಇಲ್ಲ, ಆದರೆ ಹೋಗುವ ಆಸೆ ಇದೆ. ಆಗ ಕ್ರಮವನ್ನೇ ತಿರುಗಿಸಬೇಕು. ಕಲಿಕೆ ಇಲ್ಲಿ, ಅನುಭವ ಇಲ್ಲಿ, ಆಮೇಲೆ ವಿಮಾನ.

ಕಲಿಯಲು ಒಳ್ಳೆಯದು ಪುಕ್ಕಟೆಯಾಗಿಯೇ ಇದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಫುಲ್ ಸ್ಟಾಕ್ ಓಪನ್ ಕೋರ್ಸ್ ಎಷ್ಟೋ ದುಬಾರಿ ಬೂಟ್‌ಕ್ಯಾಂಪ್‌ಗಳಿಗಿಂತ ಗಟ್ಟಿಯಾಗಿದೆ. ಪ್ರತಿ ಭಾಗಕ್ಕೂ ಅಭ್ಯಾಸಗಳಿವೆ, ಕೋಡನ್ನು ಸಲ್ಲಿಸಬೇಕು. ಬುಡ ಗಟ್ಟಿ ಮಾಡಿಕೊಳ್ಳಲು ಹಾರ್ವರ್ಡ್‌ನ ಸಿಎಸ್50, ವೆಬ್‌ಗೆ ಓಡಿನ್ ಪ್ರಾಜೆಕ್ಟ್, ಫ್ರೀಕೋಡ್‌ಕ್ಯಾಂಪ್. ಸಿಗದೆ ಇರುವುದು ಪಕ್ಕದಲ್ಲಿ ಕೂರುವ ಮನುಷ್ಯ. ಅದಕ್ಕೆ ಇಬ್ಬರು ಮೂವರು ಸೇರಿ ವಾರಕ್ಕೆ ನಾಲ್ಕು ದಿನ ಒಂದೇ ಹೊತ್ತಿಗೆ ಕೂರಿ, ಒಬ್ಬರು ಟೈಪ್ ಮಾಡಿ, ಇನ್ನೊಬ್ಬರು ಪ್ರಶ್ನೆ ಕೇಳಿ. ದಾವಣಗೆರೆಯಲ್ಲೋ ತುಮಕೂರಿನಲ್ಲೋ ಇದ್ದರೂ ಮಾಡಬಹುದು.

ಆಮೇಲೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸಿಕ್ಕ ಮೊದಲ ಕೆಲಸ ಹಿಡಿಯಿರಿ. ಸಪೋರ್ಟ್ ಆದರೂ ಸರಿ, ಟೆಸ್ಟಿಂಗ್ ಆದರೂ ಸರಿ, ಅಲ್ಲಿಂದ ಡೆವಲಪ್‌ಮೆಂಟ್‌ಗೆ ಸರಿಯುವುದು ಹೊರಗಿನಿಂದ ನೇರ ಬರುವುದಕ್ಕಿಂತ ಸುಲಭ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, 2023ರ ನವೆಂಬರ್‌ನಲ್ಲಿ ಜರ್ಮನಿ ಬ್ಲೂ ಕಾರ್ಡ್ ನಿಯಮ ಬದಲಿಸಿತು. ಐಟಿ ಕೆಲಸಕ್ಕೆ ಡಿಗ್ರಿ ಇಲ್ಲದಿದ್ದರೂ, ಕಳೆದ 7 ವರ್ಷಗಳಲ್ಲಿ ಕನಿಷ್ಠ 3 ವರ್ಷ ಪದವೀಧರರ ಮಟ್ಟದ ಐಟಿ ಅನುಭವ ಇದ್ದು, ನಿಗದಿ ಮಾಡಿದ ಸಂಬಳದ ಆಫರ್ ಇದ್ದರೆ ಬ್ಲೂ ಕಾರ್ಡ್ ಸಿಗಬಹುದು. 2025ರಲ್ಲಿ ಆ ಸಂಬಳ ವರ್ಷಕ್ಕೆ ಸುಮಾರು 43,760 ಯೂರೊ ಇತ್ತು. ಪ್ರತಿ ವರ್ಷ ಬದಲಾಗುತ್ತದೆ. ಅಂದರೆ ಬರ್ಲಿನ್‌ನ ಒಂಬತ್ತು ವಾರ ಕೊಡದ ಹಕ್ಕನ್ನು ಬೆಂಗಳೂರಿನ ಮೂರು ವರ್ಷ ಕೊಡಬಲ್ಲದು.

ಡಿಗ್ರಿ ಇದ್ದವರಿಗೆ 2024ರ ಜೂನ್ 1ರಿಂದ ಚಾನ್ಸನ್‌ಕಾರ್ಟೆ ಅನ್ನುವ ಕಾರ್ಡ್ ಇದೆ. ಕೆಲಸದ ಆಫರ್ ಇಲ್ಲದೆ ಹೋಗಿ ಒಂದು ವರ್ಷದವರೆಗೆ ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ಡಿಗ್ರಿಗೆ ಜರ್ಮನಿಯಲ್ಲಿ ಪೂರ್ತಿ ಮಾನ್ಯತೆ ಇಲ್ಲದಿದ್ದರೆ ವಯಸ್ಸು, ಅನುಭವ, ಭಾಷೆ ಇವುಗಳಿಂದ 6 ಅಂಕ ಕೂಡಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೊ ಖರ್ಚಿಗೆ ಇದೆ ಅಂತ ತೋರಿಸಬೇಕು. ನಿಮ್ಮ ವಿಶ್ವವಿದ್ಯಾಲಯ, ಡಿಗ್ರಿ ಅಲ್ಲಿ ಯಾವ ಸ್ಥಾನದಲ್ಲಿದೆ ಅಂತ ಅನಾಬಿನ್ ಅನ್ನುವ ಜರ್ಮನ್ ಸರ್ಕಾರಿ ಡೇಟಾಬೇಸ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು, ಏಜೆಂಟರಿಗೆ ದುಡ್ಡು ಕೊಡಬೇಕಿಲ್ಲ.

ಪಿಯುಸಿ ಮುಗಿಸಿದ ಚಿಕ್ಕ ವಯಸ್ಸಿನವರು ಔಸ್‌ಬಿಲ್ಡುಂಗ್, ಅಂದರೆ ಜರ್ಮನಿಯ ವೃತ್ತಿ ತರಬೇತಿ, ಕಡೆ ನೋಡಿ ಅನ್ನುತ್ತೇನೆ. ಫಾಖ್‌ಇನ್‌ಫರ್ಮಾಟಿಕರ್ ಅನ್ನುವ ಮೂರು ವರ್ಷದ ಐಟಿ ತರಬೇತಿ ಇದೆ. ಸ್ವಲ್ಪ ಹೊತ್ತು ಶಾಲೆ, ಹೆಚ್ಚು ಹೊತ್ತು ಕಂಪನಿ. ಫೀಸು ಕಟ್ಟುವ ಬದಲು ತಿಂಗಳ ಸಂಬಳ ಸಿಗುತ್ತದೆ. ಕೊನೆಗೆ ಸಿಗುವುದು ಸರ್ಕಾರ ಒಪ್ಪುವ ಅರ್ಹತೆ, ಅದರ ಮೇಲೆ ಕೆಲಸದ ಪರವಾನಗಿ ನಿಲ್ಲುತ್ತದೆ. ಬೇಕಾದದ್ದು ಬಿ1 ಮಟ್ಟದ ಜರ್ಮನ್ ಮತ್ತು ತೆಗೆದುಕೊಳ್ಳಲು ಒಪ್ಪುವ ಕಂಪನಿ. ಎರಡೂ ಸುಲಭ ಅಲ್ಲ, ಭಾಷೆಗೇ ಒಂದು ವರ್ಷ ಹಿಡಿಯಬಹುದು. ಆದರೂ ಹತ್ತು ಲಕ್ಷದ ಒಂಬತ್ತು ವಾರಕ್ಕಿಂತ ಇದು ಎಷ್ಟೋ ಭದ್ರ.

ಇಷ್ಟೆಲ್ಲ ನೋಡಿದ ಮೇಲೂ ಬೂಟ್‌ಕ್ಯಾಂಪ್ ನಿಮಗೆ ಸರಿ ಅನ್ನಿಸಿದರೆ, ಸೇರುವ ಮೊದಲು ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಶಾಲೆಯವರು ಪರಿಚಯ ಮಾಡಿಕೊಡುವ ಇಬ್ಬರನ್ನಲ್ಲ, ನೀವೇ ಹುಡುಕಿದವರನ್ನು. ವರ್ಷದ ಹಿಂದೆ ಮುಗಿಸಿದ ಬ್ಯಾಚನ್ನು ಆರಿಸಿಕೊಳ್ಳಿ. ಅವರಲ್ಲಿ ನಿಮ್ಮ ಹಾಗೆ ಭಾರತದ ಪಾಸ್‌ಪೋರ್ಟ್ ಇದ್ದವರು ಯಾರು, ಅವರು ಯಾವ ವೀಸಾದಲ್ಲಿ ಇದ್ದರು, ಎಷ್ಟು ತಿಂಗಳು ಹುಡುಕಿದರು, ಈಗ ಎಲ್ಲಿದ್ದಾರೆ ಅಂತ ಕೇಳಿ. ಊರಿನ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೂ ಇಂಥವರು ಒಬ್ಬಿಬ್ಬರು ಸಿಗುತ್ತಾರೆ. ಪಾಸ್‌ಪೋರ್ಟ್ ಯುರೋಪಿನದಾಗಿದ್ದವರ ಯಶಸ್ಸನ್ನು ನಿಮ್ಮ ಲೆಕ್ಕಕ್ಕೆ ಹಿಡಿಯಬೇಡಿ. ಶಾಲೆ ನಡುವೆ ಮುಚ್ಚಿದರೆ ದುಡ್ಡು ವಾಪಸ್ ಹೇಗೆ ಅನ್ನುವ ಸಾಲು ಒಪ್ಪಂದದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಪೂರ್ತಿ ಫೀಸನ್ನು ಒಟ್ಟಿಗೆ ಕಟ್ಟಬೇಡಿ, ಕಂತಿನಲ್ಲಿ ಕಟ್ಟುತ್ತೇನೆ ಅನ್ನಿ.